ಮೈಸೂರಿನ ಕಟ್ಟಡ, ಚಿತ್ರ ಮತ್ತು ಉಡುಪಿನ ಇತಿಹಾಸ: ಆಧಾರ ಗ್ರಂಥಗಳು ಹಾಗೂ ದಾಖಲೆಗಳ ಬಳಕೆ

1. ಉದ್ದೇಶ

ಹಳೆಯ ಕಟ್ಟಡದ ದುರಸ್ತಿಗೆ ಅನುಮತಿ ಕೋರುವ ಮಾಲೀಕರು, ಸಾಂಪ್ರದಾಯಿಕ ಚಿತ್ರ ಅಥವಾ ನೇಯ್ಗೆಯ ವೃತ್ತಿಯಲ್ಲಿರುವವರು ಮತ್ತು ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಕೋರಿಕೆಗೆ ಆಧಾರವಾಗಿ ಗ್ರಂಥ ಅಥವಾ ದಾಖಲೆಯನ್ನು ಉಲ್ಲೇಖಿಸಬೇಕಾಗುತ್ತದೆ. ಯಾವ ಪ್ರಶ್ನೆಗೆ ಯಾವ ಆಧಾರ ಉತ್ತರ ನೀಡಬಲ್ಲದು ಎಂಬುದನ್ನು ಅರ್ಜಿದಾರರು ಮೊದಲು ಅರಿತಿರುವುದು ಅಗತ್ಯ. ಈ ದಿಸೆಯಲ್ಲಿ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ದಾಖಲೆಯ ಅಗತ್ಯ

ಮೈಸೂರಿನ ಹಳೆಯ ಮರದ ಅರಮನೆಯು 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಅಗ್ನಿಗೆ ಆಹುತಿಯಾಯಿತು. ಅದೇ ಸ್ಥಳದಲ್ಲಿ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ನಿರ್ಮಿತವಾದ ಈಗಿನ ಅರಮನೆಯು 1912ರಲ್ಲಿ ಪೂರ್ಣಗೊಂಡಿತು. ಹಳೆಯ ಅರಮನೆಯ ಸ್ವರೂಪವನ್ನು ಇಂದು ಚಿತ್ರ, ಛಾಯಾಚಿತ್ರ ಹಾಗೂ ಬರಹಗಳಿಂದ ಮಾತ್ರ ತಿಳಿಯಬಹುದಾಗಿದೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿಯೂ, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿಯೂ ಕುಸಿದವು. ಕಟ್ಟಡ ಇಲ್ಲವಾದ ಬಳಿಕ ದಾಖಲೆಯೇ ಉಳಿಯುವ ಸಾಕ್ಷಿ. ದಾಖಲೆಯೂ ಇಲ್ಲದಿದ್ದಲ್ಲಿ ಮರುನಿರ್ಮಾಣವು ಕೇವಲ ಊಹೆಯಾಗುತ್ತದೆ.

3. ಶಾಸ್ತ್ರಗ್ರಂಥಗಳು

1891ರಲ್ಲಿ ಸ್ಥಾಪಿತವಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಪ್ರಾಚ್ಯವಿದ್ಯಾ ಸಂಶೋಧನಾಲಯವು ಈ ವಿಷಯದಲ್ಲಿ ಪ್ರಮುಖ ಸಂಸ್ಥೆಯಾಗಿದೆ. ಇಲ್ಲಿನ ತಾಳೆಗರಿ ಪ್ರತಿಯ ಆಧಾರದ ಮೇಲೆ ಆರ್. ಶಾಮಶಾಸ್ತ್ರಿಯವರು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿದರು. ಇದರ ಎರಡನೆಯ ಅಧಿಕರಣದಲ್ಲಿ ಕೋಟೆಯೊಳಗಿನ ನಿವೇಶನಗಳ ಹಂಚಿಕೆಯೂ, ನೂಲು ಮತ್ತು ನೇಯ್ಗೆಯ ಉಸ್ತುವಾರಿ ನೋಡುವ ಸೂತ್ರಾಧ್ಯಕ್ಷನ ಕರ್ತವ್ಯಗಳೂ ವಿವರಿಸಲ್ಪಟ್ಟಿವೆ.

ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವು ಕಟ್ಟಡ, ಚಿತ್ರ, ಉಡುಪು ಈ ಮೂರು ವಿಷಯಗಳನ್ನೂ ಒಳಗೊಂಡಿದೆ. ಅಭಿಲಷಿತಾರ್ಥಚಿಂತಾಮಣಿ ಎಂಬ ಇನ್ನೊಂದು ಹೆಸರಿನಲ್ಲಿ ಇದರ ಮೊದಲ ಭಾಗವನ್ನು ಶಾಮಶಾಸ್ತ್ರಿಯವರೇ 1926ರಲ್ಲಿ ಮೈಸೂರಿನಿಂದ ಪ್ರಕಟಿಸಿದರು. ಒಟ್ಟು 100 ಅಧ್ಯಾಯಗಳ ಈ ಕೃತಿಯಲ್ಲಿ ಗೃಹನಿರ್ಮಾಣ ಮತ್ತು ಭಿತ್ತಿಚಿತ್ರದ ಕ್ರಮಗಳಲ್ಲದೆ, ಸಿಂಹಳ, ಕಳಿಂಗ, ವಂಗ, ಮಹಾಚೀನ ಮುಂತಾದೆಡೆಗಳಿಂದ ಬರುತ್ತಿದ್ದ ವಸ್ತ್ರಗಳ ಹೆಸರುಗಳೂ, ಋತುವಿಗೆ ತಕ್ಕ ಉಡುಪಿನ ವಿವರಗಳೂ ಇವೆ.

ಇಂತಹ ಗ್ರಂಥಗಳು ಹೇಗಿರಬೇಕೆಂಬ ವಿಧಿಯನ್ನು ಹೇಳುತ್ತವೆ. ಒಂದು ನಿರ್ದಿಷ್ಟ ಕಟ್ಟಡವನ್ನು ಹಾಗೆಯೇ ಕಟ್ಟಲಾಗಿತ್ತು ಎಂಬುದಕ್ಕೆ ಇವು ಪುರಾವೆಯಾಗುವುದಿಲ್ಲ.

4. ಕಟ್ಟಡಗಳ ಅಧ್ಯಯನ

ಹಿಂದಿನ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯು 1885ರಲ್ಲಿ ಆರಂಭವಾಯಿತು. ಬಿ.ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳು ದೇವಾಲಯಗಳ ನಿರ್ಮಾಣ, ದಾನ ಹಾಗೂ ಜೀರ್ಣೋದ್ಧಾರಗಳ ಕಾಲನಿರ್ಣಯಕ್ಕೆ ಮೂಲಾಧಾರವಾಗಿವೆ. ಆರ್. ನರಸಿಂಹಾಚಾರ್ ಅವರು ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು 1917ರಲ್ಲಿ, ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ದೇವಾಲಯಗಳನ್ನು ಕುರಿತು 1919ರಲ್ಲಿ ಪ್ರತ್ಯೇಕ ಗ್ರಂಥಗಳನ್ನು ಹೊರತಂದರು. ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳು ವಿಗ್ರಹಗಳ ಕೆಳಗೆ ಕೆತ್ತಿದ ಹೆಸರುಗಳನ್ನು ಗುರುತಿಸಿ ದಾಖಲಿಸಿದ್ದು ಅವರ ಕಾರ್ಯದ ವೈಶಿಷ್ಟ್ಯ. ಷ. ಶೆಟ್ಟರ್ ಅವರ ಹೊಯ್ಸಳ ದೇವಾಲಯಗಳ ಕುರಿತ ಎರಡು ಸಂಪುಟಗಳು (1992) ಇದೇ ಮಾರ್ಗದಲ್ಲಿ ಮುಂದುವರಿದ ಅಧ್ಯಯನವಾಗಿವೆ. ಆಧುನಿಕ ಮೈಸೂರು ನಗರದ ರೂಪ ಹಾಗೂ ಕಲೆಯ ಬಗ್ಗೆ ಜಾನಕಿ ನಾಯರ್ ಅವರ ‘ಮೈಸೂರ್ ಮಾಡರ್ನ್’ (2011) ಉಪಯುಕ್ತ.

ಅರಮನೆ ಆಡಳಿತಕ್ಕೆ ಸಂಬಂಧಿಸಿದ ಹಳೆಯ ಕಡತಗಳನ್ನು ರಾಜ್ಯ ಪತ್ರಾಗಾರದ ಮೈಸೂರು ವಿಭಾಗೀಯ ಕಚೇರಿಯಲ್ಲಿ ಪರಿಶೀಲಿಸಬಹುದು. ಶಾಸ್ತ್ರಗ್ರಂಥಗಳು ಹೇಳದ, ವಾಸ್ತವವಾಗಿ ನಡೆದ ಕಾರ್ಯಗಳ ವಿವರವನ್ನು ಕಡತಗಳಿಂದಲೇ ಪಡೆಯಬೇಕಾಗುತ್ತದೆ.

5. ಚಿತ್ರ ಮತ್ತು ವಿನ್ಯಾಸ

ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರ ಕಾಲದ ಶ್ರೀತತ್ತ್ವನಿಧಿಯು ಒಂಬತ್ತು ನಿಧಿಗಳುಳ್ಳ ಸಚಿತ್ರ ಗ್ರಂಥ. ದೇವತೆಗಳ ವರ್ಣ, ಆಯುಧ, ವಾಹನಗಳ ಲಕ್ಷಣಗಳು ಇದರಲ್ಲಿ ನಿರೂಪಿತವಾಗಿದ್ದು, ಮೈಸೂರು ಶೈಲಿಯ ಚಿತ್ರಕಾರರಿಗೆ ಪ್ರಮಾಣವೆನಿಸಿದೆ. ಇದರ ಕೌತುಕನಿಧಿಯಲ್ಲಿ ಆಟಗಳ ವಿವರವೂ ಸೇರಿದೆ. ಮೈಸೂರಿನಲ್ಲಿ ಛದ್ ಎಂದು ಕರೆಯಲಾಗುವ ಗಂಜೀಫಾ ಎಲೆಗಳು ಅಂಗೈಯಗಲದ ಜಾಗದಲ್ಲಿ ಸಂಖ್ಯೆ, ಚಿಹ್ನೆ ಹಾಗೂ ವರ್ಣಗಳನ್ನು ಒಂದೇ ನೋಟಕ್ಕೆ ತಿಳಿಯುವಂತೆ ಜೋಡಿಸಿದ ವಿನ್ಯಾಸಕ್ಕೆ ಉತ್ತಮ ನಿದರ್ಶನ. ಪ್ರಚಲಿತವಾದ ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳಿರುತ್ತವೆ. ರುಡಾಲ್ಫ್ ಫಾನ್ ಲೇಡನ್ ಅವರು ಗಂಜೀಫಾ ಕುರಿತು ವಿಸ್ತೃತವಾಗಿ ಬರೆದಿದ್ದಾರೆ. ಚಿತ್ರಕಲೆಗೆ ಸಂಬಂಧಿಸಿದಂತೆ ಎಸ್.ಆರ್. ರಾವ್ ಮತ್ತು ಬಿ.ವಿ.ಕೆ. ಶಾಸ್ತ್ರಿಯವರ ಕರ್ನಾಟಕದ ಸಾಂಪ್ರದಾಯಿಕ ಚಿತ್ರಕಲೆಯ ಗ್ರಂಥವನ್ನು ನೋಡಬಹುದು.

6. ಉಡುಪಿನ ಇತಿಹಾಸ

ಬಟ್ಟೆ ಬೇಗನೆ ಜೀರ್ಣವಾಗುವುದರಿಂದ ಉಡುಪಿನ ಇತಿಹಾಸಕ್ಕೆ ಪರೋಕ್ಷ ಸಾಕ್ಷ್ಯವೇ ಹೆಚ್ಚು. ಅರಮನೆಯ ಕಲ್ಯಾಣ ಮಂಟಪದಲ್ಲಿರುವ ದಸರಾ ಮೆರವಣಿಗೆಯ 26 ಚಿತ್ರಫಲಕಗಳು ಛಾಯಾಚಿತ್ರಗಳನ್ನು ಆಧರಿಸಿ ರಚಿತವಾದವು. ಆದುದರಿಂದ ಪೇಟ, ನಿಲುವಂಗಿ, ಸಮವಸ್ತ್ರ ಹಾಗೂ ಸೀರೆಯ ಉಡುಗೆಯ ಬಗ್ಗೆ ಅವು ವಿಶ್ವಾಸಾರ್ಹ. ದೇವಾಲಯದ ಶಿಲ್ಪಗಳು ಶಾಸ್ತ್ರ ಹಾಗೂ ಅಲಂಕಾರದ ನಿಯಮವನ್ನು ಅನುಸರಿಸುವುದರಿಂದ ಅವುಗಳಿಂದ ನಿತ್ಯದ ಉಡುಪನ್ನು ನೇರವಾಗಿ ನಿರ್ಣಯಿಸತಕ್ಕದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1912ರಲ್ಲಿ, ರೇಷ್ಮೆ ನೇಯ್ಗೆ ಕಾರ್ಖಾನೆಯು ಯಂತ್ರಮಗ್ಗಗಳೊಂದಿಗೆ ಆರಂಭವಾಯಿತು. 1980ರಲ್ಲಿ ಕರ್ನಾಟಕ ರೇಷ್ಮೆ ಕೈಗಾರಿಕೆಗಳ ನಿಗಮದ ವಶಕ್ಕೆ ಬಂದಿತು. ಈ ಇಸವಿಗಳು ಮನೆಯಲ್ಲಿರುವ ಹಳೆಯ ಸೀರೆಗಳ ಕಾಲವನ್ನು ಅಂದಾಜಿಸಲು ಸಹಾಯಕ. ಭಾರತೀಯ ಉಡುಪಿನ ಬಗ್ಗೆ ಸಾಮಾನ್ಯ ಪರಿಚಯಕ್ಕೆ ಜಿ.ಎಸ್. ಘುರ್ಯೆಯವರ ಗ್ರಂಥವನ್ನು (1951) ಪರಾಮರ್ಶಿಸಬಹುದು.

7. ಅರ್ಜಿದಾರರಿಗೆ ಸೂಚನೆಗಳು

(ಅ) ಕೋರಿಕೆಯಲ್ಲಿ ವಿಷಯ, ಸ್ಥಳ, ಅಂದಾಜು ಕಾಲ ಮತ್ತು ಉದ್ದೇಶವನ್ನು ಸ್ಪಷ್ಟವಾಗಿ ನಮೂದಿಸುವುದು. “ಅರಮನೆಯ ಎಲ್ಲಾ ದಾಖಲೆಗಳು” ಎಂಬಂತಹ ಕೋರಿಕೆಗಳಿಂದ ವಿಳಂಬವಾಗುತ್ತದೆ.

(ಆ) ಗುರುತಿನ ಚೀಟಿಯ ಪ್ರತಿಯನ್ನೂ, ವಿದ್ಯಾರ್ಥಿಗಳು ತಮ್ಮ ಸಂಸ್ಥೆಯ ಪತ್ರವನ್ನೂ ಜೊತೆಯಲ್ಲಿ ತರುವುದು ಸೂಕ್ತ. ಹಸ್ತಪ್ರತಿಗಳ ಛಾಯಾಚಿತ್ರ ತೆಗೆಯುವ ಮುನ್ನ ಅನುಮತಿ ಪಡೆಯತಕ್ಕದ್ದು.

(ಇ) ಸರ್ಕಾರಿ ಕಚೇರಿಯ ಕಡತದ ಪ್ರತಿ ಬೇಕಾದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಡನೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.

(ಈ) ಸರ್ಕಾರಿ ಪ್ರಕಟಣೆಗಳ ಹಕ್ಕುಸ್ವಾಮ್ಯದ ಅವಧಿಯು ಪ್ರಕಟಣೆಯ ನಂತರ 60 ವರ್ಷಗಳು. ಆದುದರಿಂದ 1917 ಮತ್ತು 1919ರ ಇಲಾಖಾ ಗ್ರಂಥಗಳನ್ನು ಮುಕ್ತವಾಗಿ ಬಳಸಬಹುದು.

(ಉ) ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗಿನ ಪ್ರದೇಶ ನಿಷೇಧಿತ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಇಲ್ಲಿ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಅಗತ್ಯ.

(ಊ) ಗಾರೆಯ ಗೋಡೆಗಳಿಗೆ ಸಿಮೆಂಟ್ ಲೇಪಿಸಬಾರದು. ಸುಣ್ಣದ ಗಾರೆಯು ಗೋಡೆಯ ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ತಡೆದು ಇಟ್ಟಿಗೆ ಮತ್ತು ತೊಲೆಗಳನ್ನು ಶಿಥಿಲಗೊಳಿಸುತ್ತದೆ.

(ಋ) ದುರಸ್ತಿಗೆ ಮುನ್ನ ಕಟ್ಟಡದ ಅಳತೆ ನಕ್ಷೆ ಹಾಗೂ ನಾಲ್ಕೂ ದಿಕ್ಕಿನ ಛಾಯಾಚಿತ್ರಗಳನ್ನು ದಿನಾಂಕ ಸಹಿತ ಸಿದ್ಧಪಡಿಸಿ ಒಂದು ಪ್ರತಿಯನ್ನು ಅರ್ಜಿಯೊಂದಿಗೆ ಲಗತ್ತಿಸಿ, ಮತ್ತೊಂದನ್ನು ಮನೆಯ ಪತ್ರಗಳೊಂದಿಗೆ ಕಾಯ್ದಿರಿಸುವುದು. ಮುಂದಿನ ತಲೆಮಾರಿನವರಿಗೆ ಇದೇ ಆಧಾರ ದಾಖಲೆಯಾಗುತ್ತದೆ.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳುವಂತೆ ಕೋರಲಾಗಿದೆ.