ಕ್ರೋಮ್ ಉದುರುವ ಡ್ರಮ್ಮಿನ ಕಥೆ

ಹಳೇ ಲುಡ್ವಿಗ್ ಸುಪ್ರಾಫೋನಿಕ್ ಡ್ರಮ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಅದರ ನಾದದ ಬಗ್ಗೆ ಅಲ್ಲ. "ಕ್ರೋಮ್ ಎಷ್ಟು ಉದುರಿದೆ?" ಅಂತ ಕೇಳುತ್ತಾರೆ. ಜಗತ್ತಿನಲ್ಲಿ ಅತಿ ಹೆಚ್ಚು ರೆಕಾರ್ಡಿಂಗುಗಳಲ್ಲಿ ಕೇಳಿಸಿದ ಸ್ನೇರ್ ಡ್ರಮ್ ಇದೇ ಎಂಬ ಮಾತಿದೆ (ಯಾರು ಕೂತು ಎಣಿಸಿದರೋ, ದೇವರೇ ಬಲ್ಲ :) ). ಅದರ ಮೈಮೇಲಿನ ಹೊಳಪು ಮೊದಲು ಚುಕ್ಕೆಚುಕ್ಕೆಯಾಗಿ, ಆಮೇಲೆ ಗುಳ್ಳೆಯೆದ್ದು, ಕೊನೆಗೆ ಗೋಡೆಯ ಹಳೇ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಏಳುವುದೂ ಅಷ್ಟೇ ಪ್ರಸಿದ್ಧ.

ಡ್ರಮ್ ಕಿಟ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಬಾರಿಸುವವನ ಮೊಣಕಾಲುಗಳ ನಡುವೆ ಕೂತಿರುತ್ತಲ್ಲ, 'ಛಟ್' ಅಂತ ಸದ್ದು ಮಾಡುವುದು, ಅದೇ ಸ್ನೇರ್. ಅಡಿಯ ಹಾಳೆಗೆ ತಾಗಿಕೊಂಡಿರುವ ಸಣ್ಣ ತಂತಿಗಳಿಂದ ಆ ಸದ್ದು ಬರುತ್ತೆ. ಡ್ರಮ್ಮಿನ ಕೊಳಗದಂಥ ಮೈಗೆ ಷೆಲ್ ಅನ್ನುತ್ತಾರೆ. ಹಾಳೆಯನ್ನು ಎಳೆದು ಹಿಡಿಯುವ ಉದ್ದನೆಯ ಸ್ಕ್ರೂಗಳು ಕೂರುವ ಗೂಡುಗಳಿಗೆ ಲಗ್ ಅನ್ನುತ್ತಾರೆ. ಇಷ್ಟು ಸಾಕು.

ಲುಡ್ವಿಗ್ ಕಂಪನಿ ಹುಟ್ಟಿದ್ದೇ ಒಂದು ಅಸಮಾಧಾನದಿಂದ. ಶಿಕಾಗೋದ ಡ್ರಮ್ಮರ್ ವಿಲಿಯಂ ಲುಡ್ವಿಗ್‌ಗೆ ಆಗ ಸಿಗುತ್ತಿದ್ದ ಬೇಸ್ ಡ್ರಮ್ ಪೆಡಲುಗಳು ಸಾಲುತ್ತಿರಲಿಲ್ಲ. ರ‍್ಯಾಗ್‌ಟೈಮ್ ಸಂಗೀತದ ಓಟಕ್ಕೆ ಅವು ಕಾಲಿನ ಜೊತೆ ಓಡುತ್ತಿರಲಿಲ್ಲ. ಈತ ತಾನೇ ಒಂದು ಪೆಡಲ್ ಮಾಡಿಕೊಂಡ, 1909ರಲ್ಲಿ ತಮ್ಮ ಥಿಯೋಬಾಲ್ಡ್ ಜೊತೆ ಸೇರಿ ಕಂಪನಿ ತೆರೆದ. ಆಮೇಲೆ ಕಂಪನಿ ಕಾನ್ ಎಂಬ ದೊಡ್ಡ ವಾದ್ಯ ಕಂಪನಿಯ ಪಾಲಾಯಿತು. ವಿಲಿಯಂ 1937ರಲ್ಲಿ ಡಬ್ಲ್ಯು.ಎಫ್.ಎಲ್. ಅಂತ ಬೇರೆ ಕಂಪನಿ ಕಟ್ಟಿ, 1955ರಲ್ಲಿ ತನ್ನದೇ ಹೆಸರನ್ನು ದುಡ್ಡು ಕೊಟ್ಟು ವಾಪಸ್ ಕೊಂಡ. ನಮ್ಮ ಹೆಸರು ನಮಗೇ ಮಾರಾಟಕ್ಕೆ ಬರುವುದು ಅಂದರೆ ಇದೇ ಇರಬೇಕು!

ಆ ಕಾಲದಲ್ಲಿ ಡ್ರಮ್ ಬಾರಿಸುವವರ ದೊಡ್ಡ ತಲೆನೋವು ಚರ್ಮ. ಕರುವಿನ ಚರ್ಮದ ಹಾಳೆ ಮಳೆ ಬಂದರೆ ಸಡಿಲ, ಬಿಸಿಲು ಬಂದರೆ ಬಿಗಿ. ನಮ್ಮಲ್ಲಿ ತಮಟೆಯವರು ಬೆಂಕಿಗೆ ಹಿಡಿದು ಕಾಯಿಸಿಕೊಳ್ಳುವುದನ್ನು ನೋಡಿರುತ್ತೀರಿ. ಅಮೆರಿಕದ ಡ್ಯಾನ್ಸ್ ಹಾಲುಗಳಲ್ಲಿ ಬೆಂಕಿ ಹಾಕಲಿಕ್ಕಾಗದೆ ಬೇಸ್ ಡ್ರಮ್ಮಿನ ಹೊಟ್ಟೆಯೊಳಗೆ ವಿದ್ಯುತ್ ಬಲ್ಬ್ ಹಚ್ಚಿಡುತ್ತಿದ್ದರು. ಮುಂದಿನ ಹಾಳೆಯ ಮೇಲೆ ಬರೆಸಿದ ಚಿತ್ರವೂ ಬೆಳಗುತ್ತಿತ್ತು, ಚರ್ಮವೂ ಬೆಚ್ಚಗಿರುತ್ತಿತ್ತು. ಎಷ್ಟೇ ದುಬಾರಿ ಕಿಟ್ ಕೊಂಡರೂ ಈ ಪಾಡು ತಪ್ಪಿದ್ದಲ್ಲ. ಹಾಗಾಗಿ ಅದನ್ನು ಯಾರೂ ದೋಷ ಅಂತ ಕರೆಯಲೂ ಇಲ್ಲ. ಚರ್ಮ ಅಂದಮೇಲೆ ಹಾಗೆಯೇ, ಅಷ್ಟೆ.

1956-57ರಲ್ಲಿ ಇದು ಬದಲಾಯಿತು. ಡ್ಯುಪಾಂಟ್ ಕಂಪನಿಯ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆ ಬಂದಿತ್ತು. ಚಿಕ್ ಇವಾನ್ಸ್ ಮತ್ತು ರೆಮೋ ಬೆಲ್ಲಿ ಅನ್ನುವ ಇಬ್ಬರು, ಒಬ್ಬರ ಹಿಂದೆ ಒಬ್ಬರು, ಅದರಿಂದ ಡ್ರಮ್ ಹಾಳೆ ಮಾಡಿ ಮಾರಲು ಶುರು ಮಾಡಿದರು. ಮಳೆಗೂ ಹೆದರದ, ಬಿಸಿಲಿಗೂ ಬಗ್ಗದ ಹಾಳೆ. ಎಲ್ಲರೂ ಖುಷಿ.

ಇಲ್ಲೊಂದು ತಮಾಷೆ ಆಯಿತು. ಚರ್ಮದ ಹಾಳೆಯನ್ನು ನೆನೆಸಿ, ಬಳೆಗೆ ಸುತ್ತಿ, ಡ್ರಮ್ಮಿನ ಮೇಲೆಯೇ ಒಣಗಿಸುತ್ತಿದ್ದರು. ಅದು ಒಣಗುವಾಗ ಆ ಷೆಲ್ಲಿನ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತಿತ್ತು. ಷೆಲ್ ಸ್ವಲ್ಪ ಮೊಟ್ಟೆಯಾಕಾರ ಇದ್ದರೂ, ಅಂಚು ಅಲ್ಲಲ್ಲಿ ತಗ್ಗುಬಿದ್ದಿದ್ದರೂ, ಚರ್ಮ ಅದನ್ನೆಲ್ಲ ಮುಚ್ಚಿಹಾಕುತ್ತಿತ್ತು. ಪ್ಲಾಸ್ಟಿಕ್ ಹಾಳೆ ಹಾಗಲ್ಲ. ಅದು ಕಾರ್ಖಾನೆಯಿಂದಲೇ ಲೋಹದ ಬಳೆಯಲ್ಲಿ ಕೂತು, ನಿಗದಿ ಅಳತೆಯ ದುಂಡಗೆ ಬರುತ್ತೆ. ಅದರ ಕೆಳಗೆ ಷೆಲ್ ಸರಿಯಾಗಿ ದುಂಡಗಿರಬೇಕು, ಅಂಚು ಸರಿಯಾಗಿ ಸಮತಟ್ಟಾಗಿರಬೇಕು. ಇಲ್ಲದಿದ್ದರೆ ಹಾಳೆ ಕೂರುವುದೇ ಇಲ್ಲ, ಕೂತರೂ ಶ್ರುತಿಗೆ ಬರುವುದಿಲ್ಲ. ಚರ್ಮದ ಕಾಲದ ಕೆಲವು ಡ್ರಮ್ಮುಗಳಿಗೆ ಇವತ್ತಿನ ಹಾಳೆ ಹಾಕಲು ಹೋದರೆ ಒಳಗೇ ಇಳಿಯುವುದಿಲ್ಲ, ಷೆಲ್ ಒಂದು ಕೂದಲೆಳೆ ದಪ್ಪ! ಹಾಳೆಯ ದೋಷ ಹೋದ ದಿನವೇ ಷೆಲ್ಲಿನ ದೋಷ ಕಣ್ಣಿಗೆ ಬಿತ್ತು. ನಮ್ಮ ಕೆಲಸದಲ್ಲೂ ಹೀಗೇ ಅಲ್ಲವೇ? ಒಂದು ಬಗ್ ಸರಿ ಮಾಡಿದ ಕೂಡಲೇ ಅದರ ಹಿಂದೆ ಅಡಗಿ ಕೂತಿದ್ದ ಇನ್ನೊಂದು ಎದ್ದು ನಮಸ್ಕಾರ ಅನ್ನುತ್ತೆ.

ನಾನು ವಾರವಿಡೀ ಕೀಬೋರ್ಡು ಕುಟ್ಟಿ ವಾರಾಂತ್ಯದಲ್ಲಿ ಡ್ರಮ್ಮು ಕುಟ್ಟುವ ಪ್ರಾಣಿ. ಎರಡು ತಿಂಗಳ ಸಂಬಳ ಸುರಿದು ತಂದ ಹೊಸ ಕಿಟ್ಟಿನಲ್ಲಿ ಒಂದು ಡ್ರಮ್ ಎಷ್ಟು ಶ್ರುತಿ ಮಾಡಿದರೂ ಒಂದು ಕಡೆ ಗೊರಗೊರ ಅನ್ನುತ್ತಿತ್ತು. ಅಂಗಡಿಯವರು "ಸಾರ್, ಹೊಸದಲ್ವಾ, ಬಾರಿಸ್ತಾ ಬಾರಿಸ್ತಾ ಸರಿಹೋಗುತ್ತೆ" ಅಂದರು. ಇದಕ್ಕೊಂದು ಹಳೇ ಪರೀಕ್ಷೆ ಇದೆ. ಹಾಳೆ ಬಿಚ್ಚಿ, ಷೆಲ್ಲನ್ನು ಸಮತಟ್ಟಾದ ಕಲ್ಲಿನ ಮೇಲೆ ಬೋರಲು ಇಟ್ಟು, ಒಳಗೆ ಟಾರ್ಚ್ ಹಚ್ಚಿ, ಕೋಣೆ ದೀಪ ಆರಿಸಬೇಕು. ಅಂಚು ಸರಿಯಿದ್ದರೆ ಸುತ್ತಲೂ ಕತ್ತಲೆ. ತಗ್ಗಿದ್ದ ಕಡೆ ಬೆಳಕು ಸೋರುತ್ತೆ. ನಮ್ಮ ಮನೆಯಲ್ಲಿ ಅಷ್ಟು ಸಮತಟ್ಟಾದ ಜಾಗ ಅಂದರೆ ಅಡುಗೆಮನೆಯ ಗ್ರಾನೈಟ್ ಕಟ್ಟೆ ಒಂದೇ. "ಏನೋ ಇದು, ರಾತ್ರಿ ಹೊತ್ತು ದೀಪ ಆರಿಸ್ಕೊಂಡು?" ಅಂತ ಅಮ್ಮ ಬೈಯುವಷ್ಟರಲ್ಲಿ ಬೆಳಕು ಒಂದು ಗೇಣು ಉದ್ದ ಸೋರುವುದು ಕಂಡಿತ್ತು. ಫೋಟೋ ಕಳಿಸಿದ ಮೇಲೆ ಅಂಗಡಿಯವರ ಮಾತು ಬದಲಾಯಿತು, ನಾಲ್ಕು ವಾರಕ್ಕೆ ಬೇರೆ ಷೆಲ್ ಬಂತು. ಕಿವಿಗೆ ಕೇಳಿದ್ದನ್ನು ಯಾರೂ ಒಪ್ಪುವುದಿಲ್ಲ, ಕಣ್ಣಿಗೆ ಕಾಣಿಸಿದರೆ ಒಪ್ಪುತ್ತಾರೆ. ಸುಪ್ರಾಫೋನಿಕ್ ವಿಷಯದಲ್ಲಿ ಇದು ತಿರುಗುಮುರುಗು. ಅಲ್ಲಿ ಕಣ್ಣಿಗೆ ಕಾಣುವುದೆಲ್ಲ ದೋಷ, ಕಿವಿಗೆ ಕೇಳುವುದೆಲ್ಲ ಸೊಗಸು.

ಅಲ್ಲಿಗೆ ಹೋಗುವ ಮೊದಲು ರೋಜರ್ಸ್ ಬಗ್ಗೆ ಹೇಳಲೇಬೇಕು. ಒಹಾಯೋ ರಾಜ್ಯದ ಕೋವಿಂಗ್ಟನ್ ಅನ್ನುವ ಸಣ್ಣ ಊರಲ್ಲಿ ಇವರ ಡ್ರಮ್ಮುಗಳು ತಯಾರಾಗುತ್ತಿದ್ದವು. 1960ರ ದಶಕದಲ್ಲಿ ಕೆಲಸದ ಅಚ್ಚುಕಟ್ಟಿಗೆ ರೋಜರ್ಸ್ ಅಂದರೆ ರೋಜರ್ಸ್. ಆದರೆ ಅವರ ಲಗ್ಗುಗಳು ತೆಳು ಹಿತ್ತಾಳೆ ತಗಡನ್ನು ಒತ್ತಿ ಮಾಡಿದವು. ಸ್ಕ್ರೂ ಬಿಗಿ ಮಾಡಿ ಮಾಡಿ ಎಳೆತಕ್ಕೆ ಅವು ಬಿರುಕು ಬಿಡುತ್ತಿದ್ದವು. 'ಬ್ರೆಡ್ ಅಂಡ್ ಬಟರ್' ಅಂತ ಆ ಲಗ್ಗಿಗೆ ಅಡ್ಡಹೆಸರು. 1964ರಲ್ಲಿ ರೋಜರ್ಸ್ ಅದನ್ನು ಕೈಬಿಟ್ಟು ಎರಕ ಹೊಯ್ದ ಗಟ್ಟಿ ಲಗ್ ತಂದಿತು. ಭಾಗ ತಪ್ಪು, ಬದಲಾಯಿಸಿದರು, ಮುಗಿಯಿತು. ನನಗೆ ಈ ಕಂಪನಿ ಮೇಲೆ ಸ್ವಲ್ಪ ಪಕ್ಷಪಾತ ಇದ್ದರೆ ಅದಕ್ಕೆ ಇದೇ ಕಾರಣ.

ಅದೇ 1964ರಲ್ಲಿ ಲುಡ್ವಿಗ್ ಕಂಪನಿಗೆ ಬೇರೆಯೇ ಥರದ ಅದೃಷ್ಟ ಬಡಿಯಿತು. ಫೆಬ್ರವರಿ 9ರ ರಾತ್ರಿ ಎಡ್ ಸಲಿವನ್ ಶೋನಲ್ಲಿ ಬೀಟಲ್ಸ್ ಹಾಡಿದರು, ಸುಮಾರು 7 ಕೋಟಿ 30 ಲಕ್ಷ ಜನ ನೋಡಿದರು. ರಿಂಗೋ ಸ್ಟಾರ್ ಕೂತಿದ್ದ ಕಿಟ್ಟಿನ ಮುಂದಿನ ಹಾಳೆಯ ಮೇಲೆ 'ಲುಡ್ವಿಗ್' ಅಂತ ಬರೆದಿತ್ತು. ಮಾರನೆಯ ದಿನದಿಂದ ಅಮೆರಿಕದ ಹುಡುಗರಿಗೆಲ್ಲ ಅದೇ ಬೇಕು. ಶಿಕಾಗೋದ ಡೇಮನ್ ಅವೆನ್ಯೂ ಕಾರ್ಖಾನೆ ಹಗಲೂ ರಾತ್ರಿ ಓಡತೊಡಗಿತು. ಬೇಡಿಕೆ ಹೀಗೆ ನುಗ್ಗಿದಾಗ ಕೆಲಸ ಹೇಗಿರುತ್ತೆ ಅಂತ ರಿಲೀಸ್ ಹಿಂದಿನ ರಾತ್ರಿ ಕಂಡವರಿಗೆ ನಾನು ಹೇಳಬೇಕಾಗಿಲ್ಲ. ಆ ಕಾಲದ ಲುಡ್ವಿಗ್ ಡ್ರಮ್ಮುಗಳ ಬ್ಯಾಡ್ಜಿನ ಮೇಲೆ ಸೀರಿಯಲ್ ನಂಬರ್ ಇದೆ, ಆದರೆ ಅದು ಕ್ರಮವಾಗಿಲ್ಲ! ಡಬ್ಬಿಗೆ ಕೈ ಹಾಕಿ ಸಿಕ್ಕಿದ ಬ್ಯಾಡ್ಜ್ ಹೊಡೆಯುತ್ತಿದ್ದರು. ಷೆಲ್ಲಿನ ಒಳಗೆ ತಾರೀಖಿನ ಮುದ್ರೆ ಬಿದ್ದಿದ್ದರೆ ಮಾತ್ರ ವಯಸ್ಸು ನಂಬಬಹುದು.

ಈಗ ಕ್ರೋಮ್ ವಿಷಯ. 1960ರ ದಶಕದ ಮೊದಲ ವರ್ಷಗಳಲ್ಲಿ ಈ ಸ್ನೇರಿನ ಷೆಲ್ ಹಿತ್ತಾಳೆಯದು, ಮೇಲೆ ಕ್ರೋಮ್ ಲೇಪ. ಸುಮಾರು 1963ರ ಹೊತ್ತಿಗೆ ಲೋಹ ಬದಲಾಗಿ ಅಲ್ಯೂಮಿನಿಯಂ ಬಂತು. ಹಿತ್ತಾಳೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ತೂಕದ ಲೋಹ. ಸದ್ದು ಚುರುಕಾಗಿ, ಒಣಗಿದ ಹಾಗೆ, ಸ್ಪಷ್ಟವಾಗಿ ಬರುತ್ತಿತ್ತು. ಕಂಪನಿ ಅದಕ್ಕೆ 'ಲುಡಲಾಯ್' ಅಂತ ಹೆಸರಿಟ್ಟಿತು. ಅಲ್ಯೂಮಿನಿಯಂ ಅಂದರೆ ಹಾಸ್ಟೆಲ್ಲಿನ ಇಡ್ಲಿ ಪಾತ್ರೆ ನೆನಪಾಗುತ್ತೆ, ಲುಡಲಾಯ್ ಅಂದರೆ ರಾಕೆಟ್ ನೆನಪಾಗುತ್ತೆ. ಮಾರ್ಕೆಟಿಂಗ್!

ಹಿತ್ತಾಳೆಗೆ ಕ್ರೋಮ್ ಚೆನ್ನಾಗಿ ಹಿಡಿಯುತ್ತೆ. ಅಲ್ಯೂಮಿನಿಯಮ್ಮಿಗೆ ಹಿಡಿಸುವುದು ಕಷ್ಟ. ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದ ಕಲಾಯಿಯವರನ್ನು ನೆನಪು ಮಾಡಿಕೊಳ್ಳಿ. ಪಾತ್ರೆ ಕಾಯಿಸಿ, ನವಸಾಗರ ಹಾಕಿ ಉಜ್ಜಿ, ಕಿಲುಬಿನ ಪೊರೆ ತೆಗೆದ ಮೇಲೇ ತವರ ಬಳಿಯುತ್ತಿದ್ದರು. ಪೊರೆ ಇದ್ದರೆ ತವರ ಹಿಡಿಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ತಾಮ್ರ, ಹಿತ್ತಾಳೆಗಾದರೆ ಸರಿ. ಅಲ್ಯೂಮಿನಿಯಂ ಗಾಳಿ ಸೋಕಿದ ಕ್ಷಣದಲ್ಲೇ ಹೊಸ ಪೊರೆ ಕಟ್ಟಿಕೊಳ್ಳುತ್ತೆ. ಅದರ ಮೇಲೆ ಕ್ರೋಮ್ ಹಾಕಬೇಕಾದರೆ ಪೊರೆ ತೆಗೆದು, ಆ ಜಾಗಕ್ಕೆ ಸತುವಿನ ತೆಳು ಪದರ ಕೂರಿಸಿ, ಅದರ ಮೇಲೆ ನಿಕಲ್ ಮುಂತಾದವನ್ನು ಹಾಕಿ, ಕೊನೆಗೆ ಕ್ರೋಮ್. ನಡುವೆ ಒಂದು ಹಂತದಲ್ಲಿ ಸ್ವಲ್ಪ ಎಡವಿದರೂ ಹಿಡಿತ ಹೋಯಿತು.

ಸರಿಯಾಗಿ ಹಾಕಿದರೂ ಕಥೆ ಮುಗಿಯಲ್ಲ. ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಬಾರಿಸುವವನ ಬೆವರು, ಅದರಲ್ಲಿರುವ ಉಪ್ಪು, ಹವೆಯ ತೇವ ಎಲ್ಲ ಆ ಸಂದಿಯಲ್ಲಿ ಇಳಿಯುತ್ತೆ. ಮೇಲೆ ನಿಕಲ್, ಕೆಳಗೆ ಅಲ್ಯೂಮಿನಿಯಂ, ನಡುವೆ ಉಪ್ಪುನೀರು ಅಂದರೆ ಅದೊಂದು ಪುಟ್ಟ ಬ್ಯಾಟರಿ. ಆ ಬ್ಯಾಟರಿಯಲ್ಲಿ ಸವೆಯುವುದು ಯಾವಾಗಲೂ ಅಲ್ಯೂಮಿನಿಯಮ್ಮೇ. ಬಿಳಿ ಪುಡಿಯಾಗಿ ಉಬ್ಬಿ ಮೇಲಿನ ಕ್ರೋಮನ್ನು ಒಳಗಿನಿಂದ ಎತ್ತುತ್ತೆ. ಚುಕ್ಕೆ, ಗುಳ್ಳೆ, ಚಕ್ಕೆ, ಇದೇ ಕ್ರಮ. ಒಮ್ಮೆ ಶುರುವಾದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಮೇಣ ಹಚ್ಚಿ, ಬೆಚ್ಚಗಿನ ಒಣ ಜಾಗದಲ್ಲಿಟ್ಟು ನಿಧಾನ ಮಾಡಬಹುದು ಅಷ್ಟೆ.

ಇದು ಅಗ್ಗದ ಡ್ರಮ್ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಸುಪ್ರಾಫೋನಿಕ್ ಕಂಪನಿಯ ಮೇಲಿನ ಸಾಲಿನ ಮಾಡೆಲ್, ವೃತ್ತಿಪರರಿಗೆ ಅಂತ ಮಾಡಿದ್ದು. ಅದೇ ಕ್ಯಾಟಲಾಗಿನಲ್ಲಿ ಶಾಲಾ ಮಕ್ಕಳಿಗೆ ಅಂತ ಆಕ್ರೋಲೈಟ್ ಎಂಬ ಇನ್ನೊಂದು ಡ್ರಮ್ ಇತ್ತು. ಅದೇ ಅಲ್ಯೂಮಿನಿಯಂ ಷೆಲ್. ಸುಪ್ರಾಫೋನಿಕ್ಕಿಗೆ ಹತ್ತು ಲಗ್, ಇದಕ್ಕೆ ಎಂಟು. ಬೆಲೆ ಕಡಿಮೆ. ಮತ್ತೆ ಷೆಲ್ಲಿಗೆ ಕ್ರೋಮ್ ಇಲ್ಲ, ಉಜ್ಜಿದ ಅಲ್ಯೂಮಿನಿಯಮ್ಮಿನ ಮಂಕು ಬೂದು ಬಣ್ಣ. ಕ್ರೋಮ್ ಇಲ್ಲದ ಮೇಲೆ ಉದುರುವುದೇನು? ಅರುವತ್ತು ವರ್ಷದ ಹಿಂದಿನ ಆಕ್ರೋಲೈಟ್ ಷೆಲ್ಲುಗಳು ಎಷ್ಟೋ ಕಡೆ ಈಗಲೂ ಚೆನ್ನಾಗಿವೆ. ಹೆಚ್ಚು ದುಡ್ಡು ಕೊಟ್ಟವನಿಗೆ ಸಿಪ್ಪೆ ಏಳುವ ಡ್ರಮ್, ಕಡಿಮೆ ಕೊಟ್ಟ ಶಾಲೆಯ ಹುಡುಗನಿಗೆ ಗಟ್ಟಿ ಡ್ರಮ್. ಬೇರೆ ಕಾರಣ ಬೇಕಿಲ್ಲ, ಹೊಳಪೇ ಕಾರಣ. ಆ ಕಾಲದ ಅಮೆರಿಕದಲ್ಲಿ ದುಬಾರಿ ವಸ್ತು ಅಂದರೆ ಕಾರಿನ ಬಂಪರಿನ ಹಾಗೆ ಮಿಂಚಬೇಕು.

ಹಾಗಂತ ಡ್ರಮ್ಮರುಗಳು ಸುಪ್ರಾಫೋನಿಕ್ಕನ್ನು ಬಿಡಲಿಲ್ಲ. ಲೆಡ್ ಜೆಪ್ಲಿನ್ ತಂಡದ ಜಾನ್ ಬಾನಮ್ ಬಾರಿಸಿದ್ದು ಇದರ ಆರೂವರೆ ಇಂಚು ಆಳದ ಮಾಡೆಲ್ಲನ್ನೇ. ಮೈಕ್ರೋಫೋನಿಗೆ ಕಣ್ಣಿಲ್ಲವಲ್ಲ! ಇದೇ ಮಾತನ್ನು ಹಿಡಿದುಕೊಂಡು "ಸದ್ದು ಚೆನ್ನಾಗಿದೆ ತಾನೆ, ಕ್ರೋಮ್ ಕಟ್ಟಿಕೊಂಡು ಏನು?" ಅನ್ನುವವರು ಬಹಳ ಜನ. ನನಗೆ ಇದು ಒಪ್ಪಿಗೆಯಿಲ್ಲ. ಕೊಂಡವನು ಸದ್ದಿಗೂ ದುಡ್ಡು ಕೊಟ್ಟಿದ್ದ, ಹೊಳಪಿಗೂ ಕೊಟ್ಟಿದ್ದ. ಒಂದು ಚೆನ್ನಾಗಿದೆ ಅಂತ ಇನ್ನೊಂದರ ಲೆಕ್ಕ ಮನ್ನಾ ಆಗುವುದಿಲ್ಲ. ಕ್ರೋಮ್ ಇಲ್ಲದೆಯೂ ಈ ಷೆಲ್ ಬಾಳುತ್ತೆ ಅನ್ನುವುದಕ್ಕೆ ಸಾಕ್ಷಿ ಕಂಪನಿಯ ಅದೇ ಕ್ಯಾಟಲಾಗಿನಲ್ಲಿತ್ತು. ಆದರೂ ದಶಕಗಟ್ಟಲೆ ಅದೇ ಲೋಹ, ಅದೇ ಲೇಪ. ನಮ್ಮ ಆಫೀಸು ಭಾಷೆಯಲ್ಲಿ ಹೇಳುವುದಾದರೆ 'ನೋನ್ ಇಶ್ಯೂ, ವೋಂಟ್ ಫಿಕ್ಸ್'.

ಅದೇ ಲುಡ್ವಿಗ್ 1972ರಲ್ಲಿ ವಿಸ್ಟಾಲೈಟ್ ಅಂತ ಗಾಜಿನ ಹಾಗೆ ಕಾಣುವ ಅಕ್ರಿಲಿಕ್ ಕಿಟ್ ತಂದಿತು. 1973ರ ಬಾನಮ್‌ನ ಜೇನುಬಣ್ಣದ ಕಿಟ್ ಅದೇ. ಹಾಳೆಯನ್ನು ಬಗ್ಗಿಸಿ ಅಂಟಿಸಿದ ಷೆಲ್ಲುಗಳು, ಎಷ್ಟೋ ಕಿಟ್ಟುಗಳಲ್ಲಿ ಅಂಟಿನ ಜಾಗದಲ್ಲೇ ಸೀಳಿದವು. ಮತ್ತೆ ಕಣ್ಣಿಗೆ ಹಬ್ಬ, ಮತ್ತೆ ಹೊಳಪಿನದೇ ತೊಂದರೆ.

ಉದುರಿದ ಸುಪ್ರಾಫೋನಿಕ್ ಕೈಯಲ್ಲಿರುವವರು ಏನು ಮಾಡುತ್ತಾರೆ? ಹೊಸದಾಗಿ ಕ್ರೋಮ್ ಹಾಕಿಸುವುದು ಖರ್ಚಿನ ಕೆಲಸ. ಹಳೇ ಲೇಪ ಪೂರ್ತಿ ತೆಗೆದು, ಗುಂಡಿಗಳನ್ನು ಉಜ್ಜಿ ಮಟ್ಟ ಮಾಡಿ ಮತ್ತೆ ಹಾಕಬೇಕು. ಎಷ್ಟೋ ಲೇಪದ ಅಂಗಡಿಗಳು ಅಲ್ಯೂಮಿನಿಯಂ ಅಂದ ತಕ್ಷಣ ಕೈಮುಗಿಯುತ್ತವೆ. ಕೆಲವರು ಹಾಗೇ ಇಟ್ಟುಕೊಂಡು ಬಾರಿಸುತ್ತಾರೆ. ಇನ್ನು ಕೆಲವರು ಮೊದಲ ವರ್ಷಗಳ ಹಿತ್ತಾಳೆಯದನ್ನೇ ಹುಡುಕುತ್ತಾರೆ, ಅದಕ್ಕೆ ಬೆಲೆ ಬಹಳ. ಎತ್ತಿ ನೋಡಿದರೆ ಸಾಕು, ಭಾರ ಇದ್ದರೆ ಹಿತ್ತಾಳೆ.

ನನಗೆ ಇಷ್ಟವಾಗುವವರು ಮೂರನೇ ಗುಂಪಿನವರು. ಅವರು ಕ್ರೋಮ್, ನಿಕಲ್ ಎಲ್ಲವನ್ನೂ ರಾಸಾಯನಿಕದಲ್ಲಿ ಕಳಚಿಸಿ, ಬರೀ ಅಲ್ಯೂಮಿನಿಯಂ ಉಜ್ಜಿ, ಲಗ್ಗುಗಳನ್ನು ಮತ್ತೆ ಜೋಡಿಸಿ ಬಾರಿಸುತ್ತಾರೆ. ದೂರದಿಂದ ನೋಡಿದರೆ ಆಕ್ರೋಲೈಟಿನ ಹಾಗೇ ಕಾಣುತ್ತೆ. ಹತ್ತಿರ ಹೋಗಿ ಲಗ್ ಎಣಿಸಬೇಕು, ಎಂಟಿದ್ದರೆ ಶಾಲೆಯ ಡ್ರಮ್, ಹತ್ತಿದ್ದರೆ ಸುಪ್ರಾಫೋನಿಕ್.