ಬರದ ಸೀಮೆಯೂ ಕಲ್ಯಾಣ ರಾಜ್ಯವೂ

‘ವೆಲ್ಫೇರ್ ಸ್ಟೇಟ್’ ಎಂಬ ಮಾತನ್ನು ನಮ್ಮವರು ಕೆಲವೊಮ್ಮೆ ‘ಸುಖೀರಾಜ್ಯ’ ಎಂದೂ ಕೆಲವೊಮ್ಮೆ ‘ಕಲ್ಯಾಣ ರಾಜ್ಯ’ ಎಂದೂ ಕನ್ನಡಿಸಿದ್ದಾರೆ. ವಿಜಯಪುರ ಸೀಮೆಯವರಿಗೆ ಕಲ್ಯಾಣವೆಂದೊಡನೆ ಬಾಗೇವಾಡಿಯ ಬಸವಣ್ಣನವರೂ ದಾಸೋಹವೂ ನೆನಪಾಗುವುದು ಸಹಜ. ಆದರೆ ಪ್ರಜೆಯ ಹಸಿವಿಗೆ ಸರ್ಕಾರ ಹೊಣೆಯೆಂಬ ವಿಚಾರ ಈ ನಾಡಿಗೆ ಬಂದ ದಾರಿ ಅಷ್ಟು ಮಂಗಳಕರವಾದುದಲ್ಲ. ಅದು ಬಂದದ್ದು ಬರಗಾಲದ ಕಾಮಗಾರಿಯ ಮೂಲಕ.

ಜೈನಾಪುರ, ತಿಕೋಟಾ, ಬಬಲೇಶ್ವರಗಳ ಸೀಮೆ ಆಗ ಮಳೆಯನ್ನೇ ನೆಚ್ಚಿದ ಜೋಳದ ಸೀಮೆ. 1876ರ ಧಾತು ಸಂವತ್ಸರದಲ್ಲಿ ಮಳೆ ಹೋಯಿತು. ಅಂದು ಕಲಾದಗಿಯೆಂದು ಕರೆಸಿಕೊಳ್ಳುತ್ತಿದ್ದ ಈ ಜಿಲ್ಲೆಯಲ್ಲಿ 1872ರ ಗಣತಿಯಂತೆ ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. 1881ರಲ್ಲಿ ಉಳಿದವರು 6 ಲಕ್ಷ 38 ಸಾವಿರ. ಇವರಲ್ಲಿ ಸತ್ತವರೆಷ್ಟು, ಗುಳೆ ಹೋಗಿ ಮರಳದವರೆಷ್ಟು ಎಂಬುದನ್ನು ಗಣತಿಯ ಅಂಕಿ ಬಿಡಿಸಿ ಹೇಳುವುದಿಲ್ಲ.

ಸರ್ಕಾರ ಕೈಕಟ್ಟಿ ಕುಳಿತಿತ್ತೆನ್ನುವಂತಿಲ್ಲ. ರಸ್ತೆ, ಕೆರೆಗಳ ಕೆಲಸಗಳನ್ನು ತೆರೆಯಿತು. ಆದರೆ ಕೆಲಸಕ್ಕೆ ಬಂದವನು ನಿಜವಾಗಿ ಹಸಿದವನೇ ಎಂಬ ಶಂಕೆ ಅದನ್ನು ಬಿಡಲಿಲ್ಲ. ವೈಸರಾಯ್ ಲಿಟ್ಟನ್ನನ ಪ್ರತಿನಿಧಿಯಾಗಿ 1877ರಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್, ಕೂಲಿಯವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಒಂದಿಷ್ಟು ಪುಡಿಗಾಸು ಸಾಕೆಂದನು. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ! ಕಾಮಗಾರಿ ಊರಿಗೆ ದೂರವಿರಬೇಕು. ಅಷ್ಟು ದೂರ ಬಂದವನೇ ನಿಜವಾದ ಗತಿಹೀನನೆಂಬುದು ಆಗಿನ ಪರೀಕ್ಷೆ. ಮುಂಬಯಿ ಪ್ರಾಂತದಲ್ಲಿ ಕೂಲಿಯವರು ಸಾವಿರಗಟ್ಟಲೆ ಕೆಲಸ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಬರೆಯಿತು. ಇದನ್ನು ಸತ್ಯಾಗ್ರಹವೆಂದರೆ ತಪ್ಪಾಗದು. ಆ ಶಬ್ದ ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಈ ಶಂಕೆಯ ತವರು ಇಂಗ್ಲೆಂಡು. 1834ರ ಅಲ್ಲಿಯ ಬಡವರ ಕಾನೂನು, ನೆರವು ಪಡೆಯುವವನ ಸ್ಥಿತಿ ಅತ್ಯಂತ ಕೆಳಗಿನ ಕೂಲಿಕಾರನದಕ್ಕಿಂತ ಹೀನವಾಗಿರಬೇಕೆಂದು ವಿಧಿಸಿತ್ತು. ಸೇವೆ ಕೆಟ್ಟದ್ದಾಗಿದ್ದುದು ಆಡಳಿತದ ಅಜಾಗರೂಕತೆಯಿಂದಲ್ಲ, ಅದು ಕೆಟ್ಟದ್ದಾಗಿರಲೆಂದೇ ಯೋಜಿತವಾಗಿತ್ತು. 1880ರ ಕ್ಷಾಮ ಆಯೋಗ ಇನ್ನೂ ಸ್ಪಷ್ಟವಾಗಿ ನುಡಿಯಿತು: ಬರದಲ್ಲಿ ನೆರವು ಕೇಳುವುದು ಬಡವನ ಹಕ್ಕೆಂದು ಒಪ್ಪಿದರೆ, ಎಲ್ಲ ಕಾಲದಲ್ಲೂ ಅದು ಹಕ್ಕೆಂದು ಒಪ್ಪಬೇಕಾದೀತು! ಈ ಅಂಜಿಕೆಯ ನೆರಳಿನಲ್ಲಿಯೇ 1883ರ ಕ್ಷಾಮ ಸಂಹಿತೆ ರೂಪುಗೊಂಡಿತು.

ಅದೇ 1883ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾರ್ಮಿಕರ ಅನಾರೋಗ್ಯ ವಿಮೆಯ ಕಾನೂನು ತಂದನು. ವಂತಿಗೆಯಲ್ಲಿ ಕಾರ್ಮಿಕನದು ಎರಡು ಪಾಲು, ಮಾಲೀಕನದು ಒಂದು ಪಾಲು. ಕಾಯಿಲೆ ಬಿದ್ದರೆ 13 ವಾರಗಳವರೆಗೆ ಅರ್ಧ ಕೂಲಿ. ಬಿಸ್ಮಾರ್ಕನೇನೂ ಕರುಣಾಳುವಲ್ಲ, ಕಾರ್ಮಿಕರು ಸಮಾಜವಾದಿಗಳ ಕಡೆ ವಾಲದಿರಲೆಂಬುದು ಅವನ ಲೆಕ್ಕ. ಆದರೂ ಹಣ ಕಟ್ಟಿದವನು ತಲೆಯೆತ್ತಿ ಕೇಳಬಲ್ಲ. ಭಾರತದ 1948ರ ನೌಕರರ ರಾಜ್ಯ ವಿಮಾ ಕಾನೂನು ಈ ಜಾತಿಯದೇ. ಕಾರ್ಖಾನೆಯವನಿಗೆ ಅದು ಒದಗಿತು. ಜೋಳ ಕೊಯ್ಯುವ ಹೆಣ್ಣುಮಗಳಿಗೆ ವಂತಿಗೆ ಕಟ್ಟುವ ಮಾಲೀಕನೆಲ್ಲಿ?

ಮೂರನೆಯ ದಾರಿ ಎಲ್ಲರಿಗೂ ಒಂದೇ ಸೇವೆಯೆನ್ನುವುದು. 1942ರ ಬೆವರಿಜ್ ವರದಿಯ ಬಳಿಕ, 1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ತೆರಿಗೆಯ ಹಣದಿಂದ ನಡೆಯುವ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಹಳೆಯ ಬಡವರ ಕಾನೂನು ಅಂದೇ ಕೊನೆಗೊಂಡಿತು. ಸ್ವೀಡನ್ ಅದೇ ವರ್ಷ ಬಡವ-ಬಲ್ಲಿದನೆನ್ನದೆ ಎಲ್ಲ ಮಕ್ಕಳಿಗೂ ಭತ್ಯೆ ಕೊಡತೊಡಗಿತು. ಬಲ್ಲಿದನಿಗೇಕೆಂದು ಕೇಳುವವರುಂಟು. ವಕೀಲನೂ ಹಮಾಲನೂ ಒಂದೇ ಸಾಲಿನಲ್ಲಿ ನಿಂತ ಆಸ್ಪತ್ರೆಯಲ್ಲಿ ಔಷಧ ತೀರಿದರೆ ಗದ್ದಲವಾಗುತ್ತದೆ. ಹಮಾಲನೊಬ್ಬನೇ ನಿಂತಿದ್ದರೆ ಆಗುವುದಿಲ್ಲ. 2002ರಲ್ಲಿ ವಿಜಯಪುರವೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹಕ್ಕೂ ಈ ಮಾತು ಸಲ್ಲುತ್ತದೆ. ಉಳ್ಳವರ ಮಕ್ಕಳು ಖಾಸಗಿ ಶಾಲೆಗೆ ಹೋದಷ್ಟೂ ಅನ್ನದ ರುಚಿ ನೋಡುವ ದೊಡ್ಡವರು ಕಡಿಮೆಯಾಗುತ್ತಾರೆ.

ಮತ್ತೆ ಬರದ ಕಾಮಗಾರಿಗೆ ಬರೋಣ. 1956ರಲ್ಲಿ ವಿಜಯಪುರ ಮೈಸೂರು ರಾಜ್ಯಕ್ಕೆ ಸೇರಿತು. ನೆರೆಯ ಜತ್ತ ಮುಂಬಯಿಯಲ್ಲೇ ಉಳಿದು ಮುಂದೆ ಮಹಾರಾಷ್ಟ್ರದ ಪಾಲಾಯಿತು. 1972ರ ಬರದ ತರುವಾಯ ಮಹಾರಾಷ್ಟ್ರ ಉದ್ಯೋಗ ಖಾತರಿ ಯೋಜನೆಯನ್ನು ಬೆಳೆಸಿ, 1977ರಲ್ಲಿ ಕಾನೂನು ಮಾಡಿತು. ಅದಕ್ಕಾಗಿ ಪಟ್ಟಣದ ಸಂಬಳದಾರರ ಮೇಲೆ ವೃತ್ತಿ ತೆರಿಗೆ ಹಾಕಿತು. ಹೀಗಾಗಿ ಜತ್ತದ ಕನ್ನಡ ಕೂಲಿಯವನಿಗೆ ದೊರೆತ ಹಕ್ಕಿಗೆ ತಿಕೋಟೆಯ ಅವನ ನಂಟನು ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾನೂನು 2008ರ ವೇಳೆಗೆ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳನ್ನೂ ಒಳಗೊಂಡಿತು.

ಟೆಂಪಲ್‌ನ ನಿಯಮಗಳ ಪಕ್ಕದಲ್ಲಿಟ್ಟು ಈ ಕಾನೂನನ್ನು ಓದಬೇಕು. ಕೆಲಸ ಊರಿನಿಂದ 5 ಕಿಲೋಮೀಟರಿನೊಳಗೆ ಸಿಗಬೇಕು, ದೂರವಾದರೆ ಶೇಕಡಾ 10ರಷ್ಟು ಹೆಚ್ಚು ಕೂಲಿ ಎಂದಿತು ಅದು. ಅಂದು ಪರೀಕ್ಷೆಯಾಗಿದ್ದ ದೂರಕ್ಕೆ ಇಂದು ಸರ್ಕಾರವೇ ಬೆಲೆ ತೆರಬೇಕಾಯಿತು! ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಾಗಿತ್ತು, ಅದೂ ರಾಜ್ಯದ ಬೊಕ್ಕಸದಿಂದ. ಆದುದರಿಂದಲೇ ಪಂಚಾಯಿತಿ ಕಚೇರಿಯ ಒಂದು ಸಣ್ಣ ಚೀಟಿಗೆ ಅಷ್ಟು ಮಹತ್ವ ಬಂದಿತು. ಅರ್ಜಿದಾರನ ಕೈಗೆ ದಿನಾಂಕವುಳ್ಳ ರಸೀತಿ ಬಾರದಿದ್ದರೆ ಆ 15 ದಿನಗಳ ಎಣಿಕೆಯೇ ಆರಂಭವಾಗುತ್ತಿರಲಿಲ್ಲ.