ಮುಂಡಗೋಡದ ಟಿಬೆಟನ್ ಮಠಗಳಲ್ಲಿ ಪರದೇಶದ ಗಾಯನ ವಿದ್ಯಾರ್ಥಿ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಗಾಂದೆನ್, ಡ್ರೆಪುಂಗ್ ಮಹಾಮಠಗಳು ಇಲ್ಲಿ ಪುನಃಸ್ಥಾಪನೆಗೊಂಡವು. ಇವುಗಳನ್ನು ತತ್ತ್ವಶಾಸ್ತ್ರದ ವಿದ್ಯಾಕೇಂದ್ರಗಳೆಂದೇ ಗುರುತಿಸುವುದು ರೂಢಿ. ಆದರೆ ಮಂತ್ರಗಾಯನವೂ ಇಲ್ಲಿಯ ಶಿಸ್ತುಬದ್ಧ ಕಲಿಕೆಯಾಗಿದೆ. ಗಾಯನದ ಮುಂದಾಳುವಿಗೆ ‘ಉಮ್ಜೆ’ ಎಂದು ಹೆಸರು. ನಾದದ ಏರಿಳಿತವನ್ನು ವಕ್ರರೇಖೆಗಳಲ್ಲಿ ಸೂಚಿಸುವ ‘ಯಾಂಗ್‌ಯಿಗ್’ ಎಂಬ ಬರಹಪದ್ಧತಿ ಟಿಬೆಟನ್ ಪರಂಪರೆಯಲ್ಲಿ ಇದೆಯಾದರೂ ಅದು ನೆನಪಿಗೆ ಆಸರೆ ಮಾತ್ರ. ಗುರುವಿನ ಕಂಠದಿಂದ ಕೇಳಿ ಕಲಿಯದವನಿಗೆ ಆ ರೇಖೆಗಳು ಹಾಡಾಗುವುದಿಲ್ಲ. ಆದುದರಿಂದ ವಿದ್ಯಾರ್ಥಿಯು ಮಠದಲ್ಲಿಯೇ ವಾಸಿಸಬೇಕಾಗುತ್ತದೆ.

ಈ ವಾಸದ ಘಟಕವೇ ‘ಖಾಂಗ್‌ತ್ಸೆನ್’. ಭಿಕ್ಷುವಿನ ಮೂಲಪ್ರದೇಶವನ್ನು ಅನುಸರಿಸಿ ಅವನನ್ನು ಸೇರಿಸಿಕೊಳ್ಳುವ ಈ ಮನೆಯು ವಸತಿಗೃಹವೂ ಹೌದು, ಪೋಷಕ ಸಂಸ್ಥೆಯೂ ಹೌದು. ಡ್ರೆಪುಂಗಿನ ಗೋಮಾಂಗ್ ವಿದ್ಯಾಲಯಕ್ಕೆ ಮಂಗೋಲಿಯಾ, ಬುರ್ಯಾತಿಯಾ, ಕಲ್ಮಿಕಿಯಾಗಳಿಂದ ಭಿಕ್ಷುಗಳು ಬರುವ ಸಂಪ್ರದಾಯವು ಲ್ಹಾಸಾದ ಕಾಲದ್ದು. ಅದು ಮುಂಡಗೋಡದಲ್ಲಿಯೂ ಮುಂದುವರಿದಿದೆ. ಅನ್ನ, ಆಶ್ರಯ, ಸಂಗೀತ ಒಂದೇ ಸೂರಿನಡಿ ದೊರೆಯುವ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಕನ್ನಡಿಗರಿಗೆ ಇಲ್ಲಿ ಸಹಜವಾಗಿ ನೆನಪಾಗುತ್ತದೆ.

ವ್ಯತ್ಯಾಸವಿರುವುದು ಕಾಗದಪತ್ರಗಳಲ್ಲಿ. ವಿದೇಶೀಯರು ಈ ನೆಲೆಯಲ್ಲಿ ತಂಗಲು ವೀಸಾದ ಜೊತೆಗೆ ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಿಗೆಯೂ ಅಗತ್ಯ. ಅವಧಿ ತೀರಿದರೆ ಕಂಠಪಾಠವು ಅರ್ಧಕ್ಕೇ ನಿಲ್ಲುತ್ತದೆ. ಲ್ಹಾಸಾದಲ್ಲಿ ಊರು ಕೇಳಿ ಒಳಸೇರಿಸಿಕೊಳ್ಳುತ್ತಿದ್ದ ಮಠವು ಮುಂಡಗೋಡದಲ್ಲಿ ಪರವಾನಿಗೆಯ ದಿನಾಂಕವನ್ನೂ ನೋಡಬೇಕಾಗಿದೆ.